ಬಾಗಿಲಿನಿಂದ ಹಿತ್ತಿಲಿಗೆ ಒಂದು ಪ್ಯಾರಾ

ಪ್ಯಾರಾ ಬರೆಯುವವರು ಮೊದಲು ಒಂದು ವಿಷಯ ಹಿಡಿಯಬೇಕು. ಆಮೇಲೆ ಅದನ್ನು ಯಾವ ಕ್ರಮದಲ್ಲಿ ಹೇಳುವುದೆಂದು ಗೊತ್ತುಮಾಡಿಕೊಳ್ಳಬೇಕು. ಲೇಖನಿ ಎತ್ತುವುದು ಅದಾದ ಮೇಲೆ. ಟೀಚರಾಗಿದ್ದಷ್ಟು ಕಾಲವೂ ನಾನು ಹೀಗೆಯೇ ಹೇಳಿಕೊಟ್ಟೆ. ನನಗೆ ಇದನ್ನು ಕಲಿಸಿದವರು ಸೇಲಂನ ಹೆಣ್ಣುಮಕ್ಕಳ ಶಾಲೆಯ ಒಬ್ಬ ಟೀಚರು. ಮೆಟ್ಟೂರಿನಲ್ಲಿ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದ ವರ್ಷಗಳವು. ಅವರ ತರಗತಿಯಲ್ಲಿ ಗಂಟೆ ಹೊಡೆಯುವ ಮೊದಲೇ ಜಡೆ ಬಿಗಿದಿರಬೇಕು, ಪೆನ್ಸಿಲು ಚೂಪಾಗಿರಬೇಕು. ಬರೆಯುವ ಮುಂಚೆ ಇಡೀ ಪ್ಯಾರಾವನ್ನು ಬಾಯಲ್ಲಿ ಹೇಳಿ ನೋಡಬೇಕು. ಪಾಠ ತಮಿಳಿನಲ್ಲಿ. ನಾವು ನೇಕಾರರು, ಮನೆಮಾತು ಹಕಾರ ನುಂಗುವ ಕನ್ನಡ. ನಾನು ಕನ್ನಡದಲ್ಲಿ ಜೋಡಿಸಿಕೊಂಡು ತಮಿಳಿನಲ್ಲಿ ಬರೆಯುತ್ತಿದ್ದೆ.

ಮೊದಲು ಕಲಿಸಿದ್ದು ಕಾಲದ ಕ್ರಮ. ಹಿಂದೆ ನಡೆದದ್ದು ಹಿಂದೆ, ಮುಂದೆ ನಡೆದದ್ದು ಮುಂದೆ. ಅದನ್ನು ಕಲಿತು ಮುಗಿಸುವಷ್ಟರಲ್ಲಿ ನನ್ನ ತಂಗಿ ತೀರಿಕೊಂಡಳು. ಇನ್ನೂ ಶಾಲೆಗೆ ಸೇರದ, ನಾಲ್ಕೈದು ವರ್ಷದ ಮಗು. ಆಡಿ ತಿಂಗಳ, ಅಂದರೆ ಆಷಾಢದ ಜ್ವರ.

ನಮ್ಮ ಬೀದಿಯಲ್ಲಿ ಸಾವಾದರೆ ಆ ಮನೆಯ ಮಗ್ಗ ನಿಲ್ಲುತ್ತದೆ. ಹೆಂಗಸರು ಬಂದು ಕೂರುತ್ತಾರೆ. ಹೋದವರಿಗೆ ಎಲ್ಲರಿಗಿಂತ ಹತ್ತಿರದವಳು ಮೊದಲು ಬಾಯಿ ತೆರೆದು, ಹೋದವರನ್ನು ಕುರಿತು ರಾಗವಾಗಿ ಹೇಳಿಕೊಂಡು ಅಳಬೇಕು. ಅವಳು ಒಂದು ಮಾತು ಎತ್ತಿಕೊಟ್ಟ ಮೇಲೆಯೇ ಉಳಿದವರು ದನಿ ಸೇರಿಸುವುದು. ನಮ್ಮ ಅವ್ವ ಎತ್ತಿಕೊಡಲಿಲ್ಲ. ಕಂಬಕ್ಕೆ ಒರಗಿ ಕೂತುಬಿಟ್ಟಳು. ಮಾತಿಲ್ಲ, ಅಳುವಿಲ್ಲ. ಮುಂದಿಟ್ಟ ಗಂಜಿ ಆರಿ ಕೆನೆ ಕಟ್ಟುತ್ತಿತ್ತು.

"ಅತ್ತು ಈಚೆ ಆಕ್ದಿದ್ರೆ ಇವ್ಳೂ ಮಗೀನ ಇಂದೆ ಓಯ್ತಾಳೆ ಕಣ್ರೇ," ಎಂದು ಅಜ್ಜಿ ಬಂದವರೊಡನೆಲ್ಲ ಹೇಳಿದಳು. ಸುಮ್ಮನೆ ಕೂತ ಹೆಂಗಸರ ಮೇಲೂ ರೇಗಿದಳು: "ನೀವೇನು ಬಾಯ್ಗೆ ಬೀಗ ಆಕ್ಕೊಂಡು ಕಾಪಿ ಕುಡ್ಯಾಕೆ ಬಂದ್ರಾ?"

"ಮಗೀನ್ ಅವ್ವನೇ ಸುಮ್ಕಿದ್ರೆ ನಾವು ಎಂಗೆ ದನಿ ಎತ್ತೋದು ಅತ್ತೆ?" ಎಂದಳು ಪಕ್ಕದ ಮನೆಯ ಚಿಕ್ಕವ್ವ.

ಅವ್ವನಿಗೆ ಎಲ್ಲಿಂದ ಶುರುಮಾಡುವುದೆಂದು ತಿಳಿಯುತ್ತಿಲ್ಲ ಎಂದು ನನಗೆ ತೋರಿತು. ಹತ್ತಿರ ಕೂತು, "ಅವ್ವಾ, ಅವ್ಳು ಉಟ್ಟಿದ್ರಿಂದ ಏಳು. ಆಮ್ಯಾಕೆ ಅಲ್ಲು ಬಂದಿದ್ದು, ಆಮ್ಯಾಕೆ ನಡ್ದಿದ್ದು..." ಎಂದೆ.

"ನೋಡ್ರೇ, ಇಸ್ಕೂಲ್ನೋಳು ಸಾವಿಗೂ ಪಾಡಂ ಏಳ್ಕೊಡ್ತಾವ್ಳೆ! ಪೋದುಂಡೀ, ಸಾಕು, ಎದ್ದೋಗು," ಎಂದಳು ಅಜ್ಜಿ.

ಆದರೆ ಅವ್ವ ನನ್ನ ಮುಖ ನೋಡಿ ಪ್ರಯತ್ನಪಟ್ಟಳು. "ಉಟ್ಟಿದ್ದು ಮಳೇಲಿ. ತಯ್ ಮಾಸ್ದಾಗೆ, ಪೊಂಗಲ್ ಒತ್ಗೆ, ನಡುದ್ಲು."

"ಆಮ್ಯಾಕೆ?"

"ಆಮ್ಯಾಕೆ ಏನೈತೆ? ಜ್ವರ ಬಂತು."

ಅಷ್ಟೇ. ಬಾಯಿ ಮತ್ತೆ ಮುಚ್ಚಿತು. ಅಷ್ಟು ಸಣ್ಣ ಬಾಳನ್ನು ಕಾಲದ ಕ್ರಮದಲ್ಲಿ ಹೇಳಹೊರಟರೆ ಪ್ರತಿ ವಾಕ್ಯವೂ ಜ್ವರದ ಕಡೆಗೇ ನಡೆಯುತ್ತದೆ. ಎಲ್ಲಿಯೂ ನಿಲ್ಲಲು ಬಿಡುವುದಿಲ್ಲ. ಇದು ನನಗೆ ಅರ್ಥವಾದದ್ದು ಆಮೇಲೆ.

ಸೂತಕ ಕಳೆಯಿತು. ಅಪ್ಪ ಮಗ್ಗಕ್ಕೆ ಕೂತ. ನಾನು ಶಾಲೆಗೆ ಹೋದೆ. ಅವ್ವ ಮಾತ್ರ ಕಂಬ ಬಿಡಲಿಲ್ಲ. ಅಜ್ಜಿ ಬಲವಂತದಿಂದ ಕುಡಿಸಿದ ನೀರುಗಂಜಿಯ ಮೇಲೆ ಬದುಕಿದ್ದಳು, ಬಳೆಗಳು ಮೊಣಕೈಗೆ ಜಾರುತ್ತಿದ್ದವು.

ಆ ವಾರ ಟೀಚರು ಜಾಗದ ಕ್ರಮ ಕಲಿಸಿದರು. "ನಿಮ್ಮ ಮನೆಯನ್ನು ವರ್ಣಿಸಿ. ಬಾಗಿಲಲ್ಲಿ ನಿಂತು ಶುರುಮಾಡಿ, ಒಂದೊಂದೇ ಜಾಗ ದಾಟಿ ಹಿತ್ತಿಲಿಗೆ ಬನ್ನಿ. ನಡುವೆ ಹಾರಬೇಡಿ," ಎಂದರು. ಸಂಜೆ ಬಂದು, ರೂಢಿಯಂತೆ ಬಾಯಲ್ಲಿ ಹೇಳಿ ನೋಡಲು ಹೊಸ್ತಿಲಲ್ಲಿ ನಿಂತೆ.

"ಇದು ನಮ್ಮ ಮನೆಯ ಬಾಗಿಲು. ಬಾಗಿಲ ಪಕ್ಕ ಜಗಲಿಯ ತಿಣ್ಣೆ ಇದೆ."

"ತಿಣ್ಣೆ ಮ್ಯಾಲೆ ಕುಂತ್ಕೊಂಡು ಓಗೋ ಬರೋ ಎಮ್ಮೆಗೆಲ್ಲಾ ಒಂದೊಂದು ಎಸ್ರು ಇಟ್ಟು ಕರ್ಯೋಳು," ಎಂದಿತು ಒಳಗಿಂದ ಒಂದು ದನಿ. ಅವ್ವನ ದನಿಯೆಂದು ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. ಅಷ್ಟು ಒಣಗಿತ್ತು.

ನಾನು ಒಳಗೆ ಕಾಲಿಟ್ಟು ಮುಂದಿನ ವಾಕ್ಯ ಹೇಳಿದೆ. "ಒಳಗೆ ಬಂದರೆ ಎಡಗಡೆ ಮಗ್ಗ ಇದೆ."

ಅವ್ವ ಎದ್ದು ಮಗ್ಗದ ಹತ್ತಿರ ಬಂದಳು. "ಮಗ್ಗದ ಕುಣೀಗೆ ಕಾಲು ಇಳೇಬಿಟ್ಕೊಂಡು ಕಂಡಿಕೆಗೆ ನೂಲು ಸುತ್ತೋಳು. ಸಡ್ಲ ಸುತ್ತೋಳು ಕಳ್ಳಿ. ಲಾಳ್ಯಾಗೆ ಇಕ್ಕಿದ್ರೆ ನೂಲೆಲ್ಲಾ ಜಾರಿ ಬರೋದು. ಬಿಗ್ಯಾಗಿ ಸುತ್ತೇ ಅಂದ್ರೆ, ನಿನ್ ಕೈ ದೊಡ್ದು ಅವ್ವಾ ಅನ್ನೋಳು..." ಮಾತು ಅಲ್ಲಿಯೇ ರಾಗವಾಯಿತು.

ಅಡುಗೆಮನೆಯಿಂದ ಓಡಿಬಂದ ಅಜ್ಜಿ, "ನಿಲ್ಸ್ಬ್ಯಾಡ, ಮುಂದುಕ್ಕೆ ಏಳು, ಮುಂದುಕ್ಕೆ," ಎಂದು ನನ್ನ ಬೆನ್ನು ತಳ್ಳಿದಳು. ನಾನು ಒಲೆ ಎಂದೆ, ಬೀಸುವ ಕಲ್ಲು ಎಂದೆ, ನೀರಿನ ಹಂಡೆ ಎಂದೆ. ಪ್ರತಿ ಜಾಗಕ್ಕೂ ಅವ್ವನ ಬಳಿ ಒಂದು ಮಾತಿತ್ತು. ದನಿ ಕೇಳಿ ಬೀದಿಯ ಹೆಂಗಸರು ಬಂದು ಸೇರಿಕೊಂಡರು. ಹಿತ್ತಿಲ ಒಗೆಯುವ ಕಲ್ಲಿನ ಆಚೆಗೆ ನಮಗೆ ಜಾಗವಿರಲಿಲ್ಲ. ಅವ್ವ ಅಲ್ಲಿಂದ ತಿರುಗಿ ಮತ್ತೆ ಬಾಗಿಲಿಗೆ ಹೋಗಿ ಮೊದಲಿನಿಂದ ಶುರುಮಾಡಿದಳು. ದೀಪ ಹಚ್ಚುವ ಹೊತ್ತಿಗೆ ಸುಸ್ತಾಗಿ ಕೂತು, ತಾನಾಗಿಯೇ ಗಂಜಿ ಕೇಳಿದಳು.

ಅವ್ವ ಹೇಳಿದ್ದನ್ನೂ ಸೇರಿಸಿ ನಾನು ಪ್ಯಾರಾ ಬರೆದುಕೊಂಡು ಹೋದೆ. ಟೀಚರು ತಂಗಿ ಬರುವ ವಾಕ್ಯಗಳಿಗೆಲ್ಲ ಕೆಂಪು ಗೀಟು ಎಳೆದು, "ವಿಷಯ ಮನೆ. ತಂಗಿ ಬೇರೆ ವಿಷಯ," ಎಂದರು. ನಿಯಮದ ಪ್ರಕಾರ ಅವರು ಸರಿ. ಗೀಟು ಬೀಳದೆ ಉಳಿದದ್ದು ಬಾಗಿಲು, ತಿಣ್ಣೆ, ಮಗ್ಗ, ಒಲೆ. ಅದನ್ನು ಓದಿದಾಗ ಯಾರೂ ಇಲ್ಲದ ಮನೆಯಂತೆ ಕಂಡಿತು.

ಅಂದಿನಿಂದ ಅವ್ವ ಬೆಳಿಗ್ಗೆ ಬಾಗಿಲಿನಿಂದ ಹಿತ್ತಿಲಿನವರೆಗೆ ಕಸ ಗುಡಿಸುವಾಗ ಆ ಮಾತುಗಳನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು. ಅಳುತ್ತಲೇ ಹೇಳುತ್ತಿದ್ದಳೆನ್ನಲಾರೆ. ಕೆಲವು ದಿನ ನಗುವೂ ಇರುತ್ತಿತ್ತು. ಹಿತ್ತಿಲು ಮುಟ್ಟಿದ ಮೇಲೆ ಸೆರಗು ಸಿಕ್ಕಿಸಿ ದಿನದ ಕೆಲಸಕ್ಕೆ ಇಳಿಯುತ್ತಿದ್ದಳು. ನಮ್ಮ ಮನೆ ಹಾಗೆ ನಡೆಯುತ್ತಿತ್ತು.

ಕೆಲವು ವರ್ಷಗಳ ಮೇಲೆ, ನಾವು ಬಾಡಿಗೆಗಿದ್ದ ಮನೆಯ ಮಾಲೀಕರು ಮಗನಿಗೆ ಮದುವೆ ಮಾಡಿ ಸಂಸಾರ ಹೂಡಿಸಲು ಮನೆ ಬಿಡಿಸಿಕೊಂಡರು. ಮಗ್ಗ ಬಿಚ್ಚಿ ಗಾಡಿಗೆ ಹೇರಿ ಇನ್ನೊಂದು ಬೀದಿಗೆ ಹೋದೆವು. ಅಪ್ಪ ಹೊಸ ಕುಣಿ ತೋಡಿದ. ಮೊದಲ ಬೆಳಿಗ್ಗೆ ಅವ್ವ ಮಾತಿಲ್ಲದೆ ಗುಡಿಸಿದಳು. ಸಾಮಾನು ಜೋಡಿಸುವ ಗಡಿಬಿಡಿ ಇರಬಹುದೆಂದುಕೊಂಡೆ. ಮಾರನೆಯ ಬೆಳಿಗ್ಗೆಯೂ ಪೊರಕೆಯ ಸದ್ದು ಮಾತ್ರ ಕೇಳಿತು. ನನಗೆ ಭಯವಾಯಿತು. ಹೊಸ ಹೊಸ್ತಿಲಲ್ಲಿ ನಿಂತು, "ಅವ್ವಾ, ಇದು ಬಾಗ್ಲು. ಇಲ್ಲಿ ತಿಣ್ಣೆ ಐತೆ," ಎಂದೆ.

ಅವ್ವ ತಿಣ್ಣೆಯನ್ನು ನೋಡಿದಳು.

"ಬುಡವ್ವಾ," ಎಂದಳು. "ಇಲ್ಲಿ ಅವ್ಳು ಎಲ್ಲೂ ಕುಂತಿಲ್ವಲ್ಲ."

ಮತ್ತೆ ಬಗ್ಗಿ, ಗುಡಿಸುತ್ತ ಒಳಕ್ಕೆ ಹೋದಳು.