ಬುತ್ತಿಯ ಗಂಟಿನಡಿಯ ಮೈಕು

ತಾರಿಹಾಳದಾಚೆ ಒಂದು ಸಣ್ಣ ವಿಮಾನ ತರಬೇತಿ ಶಾಲೆಯಲ್ಲಿ ರೇಡಿಯೊ ದುರಸ್ತಿ ನನ್ನ ಕೆಲಸ. ಆ ಬೆಳಿಗ್ಗೆ ಒಬ್ಬ ವಿದ್ಯಾರ್ಥಿನಿ ಮೊದಲ ಬಾರಿ ಒಬ್ಬಳೇ ಹಾರಿದ್ದಳು. ಅವಳು ಮರಳುವುದರೊಳಗೆ ರನ್‌ವೇ ಮೇಲೆ ನಾಯಿ, ಕಲ್ಲು ಇಲ್ಲವೆಂದು ನೋಡಿಬರಲು ಜೀಪು ಹೊರಟಿತು. ಅದರ ರೇಡಿಯೊ ಸೆಟ್ಟು ಪರೀಕ್ಷಿಸಲೆಂದು ನಾನೂ ಹಿಂದೆ ಹತ್ತಿದೆ.

ಸೆಟ್ಟಿನ ಮೈಕು ಕೊಕ್ಕೆಯಲ್ಲಿ ನಿಲ್ಲದೆ ಕಟಕಟ ಬಡಿಯುತ್ತಿತ್ತು. ಸೀಟಿನ ಮೇಲಿಟ್ಟು, ಅಲುಗದಿರಲೆಂದು ನನ್ನ ಬುತ್ತಿಯ ಗಂಟನ್ನು ಅದರ ಮೇಲೆ ಹೇರಿದೆ. ಖಡಕ್ ರೊಟ್ಟಿ, ಪಲ್ಯದ ಸ್ಟೀಲ್ ಡಬ್ಬಿ.

ರನ್‌ವೇ ನಡುವೆ ಜೀಪು ಕೆಮ್ಮಿ ನಿಂತಿತು.

"ನಮ್ಮ ಅತ್ತಿ ಗತೆ ನೋಡ್ರಿ, ಮುಂಜಾನೆದ್ದು ಮುನಿಸು!" ಎನ್ನುತ್ತ ಚಾಲಕ ಕಾಕಾ ಇಳಿದು ಬಾನೆಟ್ ಎತ್ತಿದರು.

"ಕಂಟ್ರೋಲ್ ಗೋಪುರಕ್ಕ ಹೇಳ್ಲೇನ್ರಿ ಕಾಕಾ?"

"ಎರಡ ನಿಮಿಷ ತಡೀರಿ ಮೇಡಮ್ಮಾರ. ಜೀಪು ಕೆಟ್ಟೇತಿ ಅಂದ್ರ ವರ್ಷಗಟ್ಲೆ ನಗತಾರ ಅವ್ರು."

ಸೆಟ್ಟು ಸುಮ್ಮನಿತ್ತು. ನಾನೂ ನಿಶ್ಚಿಂತೆಯಿಂದ ಕುಳಿತೆ.

ಆಗ ಗೋಪುರದಿಂದ ಕೆಂಪು ದೀಪ ನಮ್ಮತ್ತ ಮಿನುಗತೊಡಗಿತು. ರನ್‌ವೇ ಬಿಟ್ಟು ತೊಲಗಿ ಎಂಬ ಸಂಜ್ಞೆ. ಮಾತು ತಲುಪದಾಗ ಮಾತ್ರ ಅದನ್ನು ಬಳಸುತ್ತಾರೆ. ಮಾತು ಏಕೆ ತಲುಪಲಿಲ್ಲ? ತಿರುಗಿ ನೋಡಿದರೆ, ರನ್‌ವೇಯ ತುದಿಯಾಚೆ ಆ ವಿದ್ಯಾರ್ಥಿನಿಯ ಪುಟ್ಟ ವಿಮಾನ ಇಳಿಯುತ್ತ ಬರುತ್ತಿತ್ತು.

"ಕಾಕಾ! ಬಾಗ್ಲಾ ತಗೀರಿ!"

ಹಿಂಬದಿಯ ಬಾಗಿಲು ಹೊರಗಿನಿಂದಷ್ಟೇ ತೆರೆಯುತ್ತಿತ್ತು, ಮುಂದಕ್ಕೆ ದಾಟದಂತೆ ತಂತಿಯ ಜಾಲರಿ. ಕಾಕಾ ಓಡಿ ಬಂದರು. ಎಣ್ಣೆ ಮೆತ್ತಿದ ಕೈ ಹಿಡಿಯ ಮೇಲೆ ಜಾರಿತು. ಮತ್ತೆ ಜಾರಿತು.

"ನೀವು ಓಡ್ರಿ!"

"ಹುಚ್ಚಿ, ನಿನ್ನ ಬಿಟ್ಟು ಎಲ್ಲಿಗೋಡ್ಲಿ!"

ಆಗ ಗಂಟು ಕಣ್ಣಿಗೆ ಬಿತ್ತು. ಡಬ್ಬಿಯ ಅಂಚು ಮೈಕಿನ ಗುಂಡಿಯನ್ನು ಒತ್ತಿಹಿಡಿದಿತ್ತು. ಗೋಪುರ, ಜೀಪು, ವಿಮಾನ, ಎಲ್ಲಕ್ಕೂ ಒಂದೇ ರೇಡಿಯೊ ಅಲೆ. ಒಬ್ಬರು ಗುಂಡಿ ಒತ್ತಿದ್ದರೆ ಎಲ್ಲೆಡೆ ಅವರ ಮಾತೇ ಕೇಳುತ್ತದೆ, ಬೇರೆಯವರ ಮಾತು ದಾಟುವುದಿಲ್ಲ, ಒತ್ತಿದವರಿಗೆ ಏನೂ ಕೇಳುವುದಿಲ್ಲ. ಹೊಸಬರಿಗೆ ಇದನ್ನು ಕಲಿಸುವವಳೇ ನಾನು.

ಗಂಟನ್ನು ಕಿತ್ತೆಸೆದೆ. ಮರುಕ್ಷಣವೇ ಸೆಟ್ಟಿನಲ್ಲಿ ಗೋಪುರದ ಅಧಿಕಾರಿಯ ದನಿ ಕಿರುಚಿತು: ಇಳಿಯಬೇಡ, ಮೇಲಕ್ಕೆ ಹೋಗು. ವಿಮಾನದ ಮೂತಿ ಎದ್ದಿತು. ಅದರ ಚಕ್ರಗಳ ನೆರಳು ಜೀಪಿನ ಮೇಲೆ ಹಾಯ್ದುಹೋಯಿತು. ಬಾಗಿಲು ಆಮೇಲೆ ತೆರೆಯಿತು.

ಜೀಪನ್ನು ರನ್‌ವೇಯಿಂದಾಚೆ ತಳ್ಳಿದ ಮೇಲೆ ವಿಮಾನವೂ ಸುರಕ್ಷಿತವಾಗಿ ಇಳಿಯಿತು. ಗೋಪುರದಿಂದ ಕೆಳಗಿಳಿದು ಬಂದ ಅಧಿಕಾರಿ ಹೇಳಿದರು: "ಅತ್ತಿ ಸುದ್ದಿನೂ ಕೇಳಿದ್ವಿ, ನಗೋ ಸುದ್ದಿನೂ ಕೇಳಿದ್ವಿ. ನಮ್ಮ ಮಾತು ಒಂದ ಆ ಹುಡುಗಿಗೆ ಮುಟ್ಲಿಲ್ಲ."

ಯಾರೂ ನಗಲಿಲ್ಲ.

ಕೊಕ್ಕೆ, ಬಾಗಿಲ ಹಿಡಿ ಎರಡನ್ನೂ ಬದಲಿಸಿದೆವು. ಈಗ ಬುತ್ತಿಯನ್ನು ಕಾಲ ಬಳಿ ಇಡುತ್ತೇನೆ. ಆದರೂ ಸೆಟ್ಟು ತುಸು ಹೊತ್ತು ಸುಮ್ಮನಾದರೆ ಸಾಕು, ಒಂದು ಕೈ ಮೈಕನ್ನು ಎತ್ತಿ ನೋಡುತ್ತದೆ, ಇನ್ನೊಂದು ಬಾಗಿಲನ್ನು ಹುಡುಕುತ್ತದೆ.