ನಮಗೆ ಬರುವುದಿಲ್ಲ

ಕನ್ನಡದಲ್ಲಿ ನನಗೆ ಬಹಳ ಇಷ್ಟವಾದ ಮಾತೆಂದರೆ 'ನಮಗೆ ಬರುವುದಿಲ್ಲ'. ಈಜು ಬರುವುದಿಲ್ಲ ಎಂದರೆ ಗೊತ್ತಿಲ್ಲವೆಂದು ಅರ್ಥ. ಸರಕಾರಿ ಕಚೇರಿಯಲ್ಲಿ ಅದೇ ಮಾತಿಗೆ, ಆ ಕೆಲಸ ನಮ್ಮ ಪಾಲಿನದಲ್ಲ ಎಂದು ಅರ್ಥ. ಒಮ್ಮೊಮ್ಮೆ ಎರಡೂ ಅರ್ಥ ಒಟ್ಟಿಗೇ ಹೊಂದುತ್ತವೆ. ಪಂಡಿತರು ಇದನ್ನು ಶ್ಲೇಷೆ ಎನ್ನುತ್ತಾರೆ, ನಾವು ಅನುಭವ ಎನ್ನುತ್ತೇವೆ.

ಶಿರ್ವದಿಂದ ಬೆಳ್ಮಣ್ಣಿಗೆ ಹೋಗುವ ದಾರಿಯಲ್ಲಿ, ಕಾಪು ತಾಲೂಕಿನ ಕೊನೆಯ ಮನೆ ನಮ್ಮದು. ಎದುರಿಗೆ ಹರಿಯುವ ಸಣ್ಣ ತೋಡು ದಾಟಿದರೆ ಕಾರ್ಕಳ ತಾಲೂಕು. ನಮ್ಮ ಗೇಟಿನ ಪಕ್ಕದಲ್ಲಿ ಹಮೀದ್ ಬ್ಯಾರಿಗಳ ಚಾದ ಗೂಡಂಗಡಿ. ಅವರು ಬಿಸಿಬಿಸಿ ಕರಿದು ಕೊಡುವ ಗೋಳಿಬಜೆಯಿಂದಲೇ ನನ್ನ ಹೊಟ್ಟೆ ಈ ಮಟ್ಟಕ್ಕೆ ಬಂದದ್ದು. ಅಂಗಡಿಯ ಮೇಲಕ್ಕೆ ಒಂದು ಮುದಿ ಧೂಪದ ಮರ ವಾಲಿಕೊಂಡಿದೆ. ಬಿದ್ದರೆ ಅಂಗಡಿ ಅಪ್ಪಚ್ಚಿ. ಕಡಿಸಿ ಎಂದು ಕೇಳಿದರೆ ಕರೆಂಟಿನವರು 'ತಂತಿ ಮಾತ್ರ ನಮ್ಮದು' ಎಂದರು, ರಸ್ತೆಯವರು 'ಡಾಮರು ಮಾತ್ರ' ಎಂದರು, ಅರಣ್ಯದವರು 'ಕಾಡಿನೊಳಗಿದ್ದರೆ ನೋಡಬಹುದಿತ್ತು' ಎಂದರು. ಒಬ್ಬರನ್ನೊಬ್ಬರು ಬೈಯುವುದು ಮಾತ್ರ ಮೂವರಿಗೂ ಚೆನ್ನಾಗಿ ಬರುತ್ತಿತ್ತು.

ಮಣಿಪಾಲದಲ್ಲಿ ಚಿತ್ರಕಲೆ ಓದುವ ನನ್ನ ಮಗಳು ಇದನ್ನೇ ಸೂಪರ್‌ಹೀರೋ ಕಾಮಿಕ್ಸ್ ಮಾಡಿದಳು. ಖಳನಾಯಕ ಧೂಪಾಸುರ. ಅವನ ಮೇಲೆ ಮೂರು ಇಲಾಖೆಗಳ ಹೀರೋಗಳು ಹಳೆಯ ಜಗಳ ಮರೆತು ಹಾರಿ ಬರುತ್ತಾರೆ. ಒಬ್ಬನ ಕೈಯಲ್ಲಿ ಮಿಂಚು, ಇನ್ನೊಬ್ಬನ ಕೈಯಲ್ಲಿ ಕುದಿಯುವ ಡಾಮರು, ಮತ್ತೊಬ್ಬನ ಮೈತುಂಬ ಬಳ್ಳಿ. ಅದೂ ಕಚೇರಿಯ ವೇಳೆಯಲ್ಲಿ!

"ಇಷ್ಟೆಲ್ಲ ಸುಳ್ಳು ಬಿಡಬಾರದು ಮಾರಾಯ್ತಿ" ಎಂದೆ. ಆದರೂ ಹೆಮ್ಮೆ ತಡೆಯಲಾರದೆ ಊರಿನ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ. ಅದು ಉಡುಪಿ, ಕಾರ್ಕಳವೆಲ್ಲ ಸುತ್ತಿ, ತಲುಪಬೇಕಾದ ಮೊಬೈಲುಗಳಿಗೂ ತಲುಪಿತು.

ಮುಂದಿನ ವಾರ ಮೂರು ಜೀಪುಗಳು ಒಟ್ಟಿಗೇ ಬಂದು ನಿಂತವು. ನನಗೆ ರೋಮಾಂಚನವಾಯಿತು. ಬಂದವರು ಚಾ ಕುಡಿದರು, ಗೋಳಿಬಜೆ ತಿಂದರು, ಮರವನ್ನು ಬುಡದಿಂದ ತುದಿಯವರೆಗೆ ನೋಡಿದರು. ಕೊನೆಗೆ ಒಮ್ಮತಕ್ಕೂ ಬಂದರು. ಮರ ಕಡಿಯಲು ಮೇಲಿನ ಅನುಮತಿ ಬೇಕು. ಅಪಾಯ ಇರುವುದು ಅಂಗಡಿಗೆ ತಾನೆ, ಆದ್ದರಿಂದ ಅಂಗಡಿಯನ್ನೇ ತೆಗೆಯುವುದು. ರಸ್ತೆ ಬದಿಯ ಗೂಡಂಗಡಿ ಮೂವರಿಗೂ ಬರುತ್ತದಂತೆ!

"ಎಂತ ಶೆಟ್ರೇ, ಮಗಳ ಹೀರೋಗಳು ಬಂದರಲ್ವಾ?" ಎಂದರು ಹಮೀದ್ ಬ್ಯಾರಿಗಳು. ಅವರ ಮುಖ ನೋಡಲಾಗಲಿಲ್ಲ. ಅವರ ಅನ್ನಕ್ಕೆ ನಾನೇ ಕಲ್ಲು ಹಾಕಿದಂತಾಯಿತು.

ಅಂಗಡಿ ಎತ್ತಿಸಿಯೇಬಿಟ್ಟರು. ಕೆಲವು ಸಂಜೆಗಳನ್ನು ಬಿಸ್ಕತ್ತಿನಲ್ಲಿ ಕಳೆದೆ. ಆಮೇಲೊಂದು ದಿನ ಗಾಳಿಯಲ್ಲಿ ಗೋಳಿಬಜೆಯ ಪರಿಮಳ. ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದೆ. ಅಂಗಡಿ ತೋಡಿನ ಆಚೆ ನಿಂತಿತ್ತು.

"ಪುನಃ ಜೀಪು ಬಂದರೆ ಎಂತ ಮಾಡುವುದು ಬ್ಯಾರಿಗಳೇ?"

"ಬರಲಿ ಮಾರಾಯ್ರೇ. ಇದು ಕಾರ್ಕಳ ತಾಲೂಕು. ಅವರಿಗೆ ಬರುವುದಿಲ್ಲ!"

ಮಗಳು ಈಗ ಕೊನೆಯ ಪುಟ ಬದಲಾಯಿಸಿದ್ದಾಳೆ. ಮೂವರು ಹೀರೋಗಳು ತೋಡಿನ ಈಚೆ ದಡದಲ್ಲಿ ನಿಂತು ಆಚೆಯ ಗೋಳಿಬಜೆಯನ್ನು ನೋಡುತ್ತಿದ್ದಾರೆ. ಹಾರುವ ಶಕ್ತಿ ಉಂಟು, ತಾಲೂಕು ದಾಟುವ ಆದೇಶವಿಲ್ಲ. ಹಿಂದೆ ಧೂಪಾಸುರ ಹಾಗೆಯೇ ವಾಲಿಕೊಂಡು ನಗುತ್ತಿದ್ದಾನೆ.

ಪುಟ ಬಹಳ ಚೆನ್ನಾಗಿ ಬಂದಿದೆ. ವಾಟ್ಸಾಪಿಗೆ ಮಾತ್ರ ಹಾಕಿಲ್ಲ.