ಗೋಡೆಗೆ ಮುಖ ಮಾಡಿ ಕೂತವರು

ಮೈಲಾಪೂರಿನಲ್ಲಿ ಬ್ರೌಸಿಂಗ್ ಸೆಂಟರ್ ಇಟ್ಟಿರುವ ನಮ್ಮ ದಾವಣಗೆರೆಯ ಪರಮೇಶ್ವರಪ್ಪನವರಷ್ಟು ಗೋಡೆ ನೋಡಿದವರು ಇಡೀ ಚೆನ್ನೈಯಲ್ಲಿ ಇನ್ನೊಬ್ಬರಿಲ್ಲ. ಗಿರಾಕಿಗಳ ಪರದೆ ಕಣ್ಣಿಗೆ ಬೀಳಬಾರದೆಂದು ಅವರು ತಮ್ಮ ಕುರ್ಚಿಯನ್ನೇ ಗೋಡೆಗೆ ತಿರುಗಿಸಿಕೊಂಡಿದ್ದಾರೆ. ನೀರು ಕುಡಿಯಲು ಏಳಬೇಕಾದರೂ ಮೊದಲು ಮೂರು ಸಲ ಕೆಮ್ಮಿ ಎಚ್ಚರಿಸುತ್ತಾರೆ. ಅವರಿಗೆ ನೆಗಡಿ-ಕೆಮ್ಮು ಹತ್ತಿದ ದಿನ, ಪಾಪ, ಗಿರಾಕಿಗಳಿಗೆ ಒಂದು ಸಾಲೂ ನೆಮ್ಮದಿಯಾಗಿ ಓದಲಾಗುವುದಿಲ್ಲ. ಗಿರಾಕಿಯೊಬ್ಬರು ಎದ್ದುಹೋದ ಕೂಡಲೇ ಏನೇನು ನೋಡಿದರೆಂಬ ಗುರುತನ್ನೆಲ್ಲ ಕಂಪ್ಯೂಟರಿನಿಂದ ಅಳಿಸುತ್ತಾರೆ, ಅದೂ ಅರ್ಧ ಕಣ್ಣು ಮುಚ್ಚಿಕೊಂಡು. ಯಾರು ಏನು ನೋಡಿದರೆಂದು ರಿಜಿಸ್ಟರಿನಲ್ಲಿ ಬರೆಯಬೇಕೆಂದು ಪೊಲೀಸರು ಹೇಳಿಹೋದ ಮೇಲೆ, ಹೆಸರು ವಿಳಾಸದ ಮುಂದೆ ಎಲ್ಲರಿಗೂ ಒಂದೇ ಮಾತು ಬರೆಯುತ್ತಾರೆ: ‘ಕಾಗದ ಬರೆದರು.’ “ಎನ್ನ ಸಾರ್, ಎಲ್ಲಾರೂ ಲೆಟರೇ ಬರೆದರಾ? ಅಂಗಡಿ ಮುಚ್ಚಿಸಲಾ?” ಎಂದು ಕಾನ್‌ಸ್ಟೇಬಲ್ ಗದರಿದರೆ, ತಮಗೆ ಕಾಣುವುದು ಗೋಡೆಯೊಂದೇ ಎಂದು ಕೈ ಮುಗಿಯುತ್ತಾರೆ. “ಪೊಲೀಸರು ಕೇಳಿದ್ದು ಬರೆದುಕೊಟ್ಟುಬಿಡಿ, ಅಂಗಡಿಯಾದರೂ ಉಳಿಯುತ್ತೆ” ಎಂದೆ ನಾನೊಮ್ಮೆ. ಪರಮೇಶ್ವರಪ್ಪನವರು ಡ್ರಾಯರಿನಿಂದ ಒಂದು ಹಳೆಯ ಲಕೋಟೆ ತೆಗೆದರು. ಮಗಳು ಶಿವರಂಜನಿಯ ಹೆಸರಿಗೆ ಬಂದದ್ದು. ಒಡೆದು, ಅನ್ನದ ಅಗುಳಿನಿಂದ ಮತ್ತೆ ಅಂಟಿಸಿದ್ದು ಎದ್ದು ಕಾಣುತ್ತಿತ್ತು. “ನಾನೇ ಒಡೆದು ಓದಿದ್ದು ರೀ. ಅವಳಿಗೆ ಗೊತ್ತಾಗಿಬಿಡ್ತು. ಮನೆ ಬಿಟ್ಟು ಏಳು ವರ್ಷ ಆತು, ಎಲ್ಲಿದಾಳೋ ಏನೋ. ಇಂಥದೇ ಒಂದು ಅಂಗ್ಡೀಲಿ ಕೂತು ಯಾರಿಗೋ ಬರೀತಿರ್ತಾಳೆ. ಅಲ್ಲಿ ಅಂಗಡಿಯವನೂ ಗೋಡೆ ನೋಡ್ಕಂತ ಕೂತಿರ್ಲಿ.”